ಅವಕಾಶವೆಂಬ ತೆರಪು

ಬ್ಯಾಂಕಿನ ಕೆಲಸಕ್ಕೆ ಸೇರಿ ಉತ್ತರ ಪ್ರದೇಶದ ಶಾಖೆಯೊಂದಕ್ಕೆ ಹೋದ ಮೊದಲ ತಿಂಗಳಿನಲ್ಲಿ, ‘ಅವಕಾಶ್ ಹೇತು ಆವೇದನ್ ಪತ್ರ್’ ಎಂಬ ತಲೆಬರಹದ ನಮೂನೆಯೊಂದನ್ನು ಕಂಡು, ಅದು ಬಡ್ತಿಗೆ ಸಂಬಂಧಿಸಿದ್ದಿರಬೇಕೆಂದು ನಾನು ಭಾವಿಸಿದ್ದೆ. ಅದನ್ನು ತುಂಬಿಕೊಟ್ಟ ಸಹೋದ್ಯೋಗಿ ಮರುದಿನ ಕೆಲಸಕ್ಕೇ ಬಾರದಿದ್ದಾಗ, ಅದು ರಜೆಯ ಅರ್ಜಿಯೆಂದು ತಿಳಿಯಿತು. ಹಿಂದಿಯಲ್ಲಿ ಸಾಂದರ್ಭಿಕ ರಜೆಗೆ ‘ಆಕಸ್ಮಿಕ್ ಅವಕಾಶ್’ ಎನ್ನುತ್ತಾರೆ; ‘ಅವಕಾಶ್‌ಪ್ರಾಪ್ತ್’ ಅಧಿಕಾರಿಯೆಂದರೆ ಅವಕಾಶ ದೊರೆತವರಲ್ಲ, ನಿವೃತ್ತರಾದವರು.

ಮಲಯಾಳದಲ್ಲಿ ಇದೇ ಪದ ಇನ್ನಷ್ಟು ಗಟ್ಟಿಯಾಗಿ ನಿಲ್ಲುತ್ತದೆ. ಅಲ್ಲಿ ಅವಕಾಶವೆಂದರೆ ಹಕ್ಕು, ‘ಅವಕಾಶಿ’ ಎಂದರೆ ಹಕ್ಕುದಾರ, ಉತ್ತರಾಧಿಕಾರಿ. ನಾವು 2005ರ ಮಾಹಿತಿ ಹಕ್ಕು ಅಧಿನಿಯಮವೆನ್ನುವುದನ್ನು ಅವರು ‘ವಿವರಾವಕಾಶ’ದ ಕಾನೂನು ಎನ್ನುತ್ತಾರೆ. ‘ಬಾಲಾವಕಾಶ ಕಮ್ಮೀಷನ್’ ಎಂಬ ಹೆಸರನ್ನು ಮೊದಲ ಸಲ ಓದುವ ಕನ್ನಡಿಗನಿಗೆ ಬಾಲನಟರ ಆಯ್ಕೆಯ ನೆನಪಾದರೆ ಅದು ಅವನ ತಪ್ಪಲ್ಲ. ಕನ್ನಡದಲ್ಲಿ ಅವಕಾಶವನ್ನು ಬೇರೊಬ್ಬರು ಕೊಡಬೇಕು, ಕೊಡದೆಯೂ ಇರಬಹುದು. ಮಲಯಾಳದ ಅವಕಾಶವನ್ನು ಕೊಡದಿದ್ದರೆ ನ್ಯಾಯಾಲಯಕ್ಕೆ ಹೋಗಬಹುದು.

ಸಂಸ್ಕೃತದ ಮೂಲದಲ್ಲಿ ಈ ಪದಕ್ಕೆ ತೆರಪು, ಎಡೆ, ಇಂಬು ಎಂಬ ಅರ್ಥಗಳಿವೆ. ಆ ಖಾಲಿ ಜಾಗವನ್ನು ಹಿಂದಿ ಕೆಲಸದ ನಡುವಿನ ಬಿಡುವಾಗಿ, ಮಲಯಾಳ ತನಗೆ ಸಲ್ಲಬೇಕಾದ ಪಾಲಾಗಿ, ಕನ್ನಡ ಮುಂದಡಿಯಿಡಲು ಸಿಗುವ ದಾರಿಯಾಗಿ ಕಂಡಿತು. ಮರಾಠಿ ಮತ್ತು ಗುಜರಾತಿಗಳಂತೂ ಅದನ್ನು ಭೂಮಿಯಾಚೆಗೇ ಒಯ್ದು, ನಮ್ಮ ಬಾಹ್ಯಾಕಾಶವನ್ನು ಅವಕಾಶವೆಂದು ಕರೆದಿವೆ. ಮರಾಠಿಯ ‘ಅವಕಾಶಯಾನ’ ನಮ್ಮ ಬಾಹ್ಯಾಕಾಶ ನೌಕೆ. ಹಾಗೆಂದು ಕನ್ನಡವೇನೂ ಮೂಲವನ್ನು ಪೂರ್ತಿ ಮರೆತಿಲ್ಲ. ಸ್ಥಳಾವಕಾಶ, ಕಾಲಾವಕಾಶ ಎಂಬ ಸಮಾಸಗಳಲ್ಲಿ ಹಳೆಯ ತೆರಪು ಇಂದಿಗೂ ಹಾಗೆಯೇ ಉಳಿದಿದೆ.

ಕನ್ನಡದ ಅವಕಾಶ ರಜೆಯೂ ಆಗದೆ ಹಕ್ಕೂ ಆಗದೆ ಉಳಿದದ್ದಕ್ಕೆ ನನ್ನದೊಂದು ಊಹೆಯಿದೆ. ‘ರಜೆ’, ‘ಹಕ್ಕು’ ಎರಡೂ ಅರಬ್ಬಿ ಮೂಲದಿಂದ ಬಂದು ನಮ್ಮ ಕಚೇರಿಗಳಲ್ಲಿ ಬೇರೂರಿದ್ದವು. ಹೀಗಾಗಿ ಆ ಕುರ್ಚಿಗಳು ಮೊದಲೇ ಭರ್ತಿಯಾಗಿದ್ದವು. ಮರಾಠಿಯಲ್ಲಿಯೂ ಅವೇ ಎರಡು ಪದಗಳು ‘ರಜಾ’, ‘ಹಕ್ಕ’ ಎಂದು ಬಳಕೆಯಲ್ಲಿರುವುದು ಈ ಊಹೆಗೆ ಸ್ವಲ್ಪ ಬಲ ಕೊಡುತ್ತದೆ.

ಇದರ ನೆರೆಯ ಪದ ‘ಅವಸರ’ದ್ದೂ ಇದೇ ಪಾಡು. ಹಿಂದಿಯಲ್ಲಿಯೂ ಮಲಯಾಳದಲ್ಲಿಯೂ ಅದು ಸದವಕಾಶ, ತೆಲುಗಿನಲ್ಲಿ ಅಗತ್ಯ, ನಮಗೂ ತಮಿಳರಿಗೂ ಆತುರ. ನಮ್ಮ ರಸ್ತೆಬದಿಯ ‘ಅವಸರವೇ ಅಪಘಾತಕ್ಕೆ ಕಾರಣ’ ಎಂಬ ಫಲಕವನ್ನು ನನ್ನ ಆ ಸಹೋದ್ಯೋಗಿಗೆ ಓದಿ ಹೇಳಿದಾಗ, ಇಷ್ಟು ನಿರಾಶಾವಾದಿ ಸರ್ಕಾರವನ್ನು ತಾನು ಎಲ್ಲಿಯೂ ಕಂಡಿಲ್ಲವೆಂದು ಅವರು ನಕ್ಕರು.

ನಗುವ ಹಕ್ಕು ಅವರಿಗಿತ್ತು. ಅದಕ್ಕೆ ಕೆಲವೇ ವಾರಗಳ ಹಿಂದೆ, ಸಭೆಯೊಂದರಲ್ಲಿ ನನಗೆ ಮಾತನಾಡಲು ಅವಕಾಶವೇ ಸಿಗಲಿಲ್ಲವೆಂದು ಹೇಳಹೊರಟು ನಾನು ಮ್ಯಾನೇಜರರ ಬಳಿ ‘ಮುಝೇ ಅವಕಾಶ್ ನಹೀ ಮಿಲಾ’ ಎಂದಿದ್ದೆ; ಅವರು ರಜೆಯ ಪುಸ್ತಕವನ್ನು ತೆರೆದು, ಇನ್ನೂ ಒಂಬತ್ತು ದಿನ ಬಾಕಿಯಿದೆಯೆಂದು ಬೆರಳಿಟ್ಟು ತೋರಿಸಿದ್ದರು.