ಸ್ಕ್ರೂ ಎಲ್ಲಿದೆ ತೋರ್ಸಿ ಅಕ್ಕಾ

ಸೋಮವಾರದಿಂದ ಒಂದೇ ಮಾತು ತಲೆಯಲ್ಲಿ ಗಿರಗಿರ ಸುತ್ತುತ್ತಿದೆ. "ಸ್ಕ್ರೂ ಎಲ್ಲಿದೆ ತೋರ್ಸಿ ಅಕ್ಕಾ, ಬಿಚ್ಚಿಕೊಡ್ತೀನಿ."

ಮೈಸೂರಿನ ಮಂಡಿ ಮೊಹಲ್ಲಾದ ರಿಪೇರಿ ಭಾಯ್ ಹೇಳಿದ್ದು. ಹಂಗಿಸಿ ಹೇಳಿದ್ದಲ್ಲ. ನಾನು ಕೊಟ್ಟ ಪುಟ್ಟ ಫ್ಯಾನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಕನ್ನಡಕ ಹಣೆಗೆ ಏರಿಸಿ ಇನ್ನೊಮ್ಮೆ ನೋಡಿದರು, ಆಮೇಲೆ ನನ್ನ ಕೈಗೇ ವಾಪಸ್ ಇಟ್ಟು ಈ ಮಾತು ಹೇಳಿದರು. ನಾನೂ ಪೆದ್ದಿಯ ಹಾಗೆ ಹುಡುಕಿದೆ. ಅಡಿಯ ರಬ್ಬರ್ ಕಾಲು ಕಿತ್ತು ನೋಡಿದೆ. ಸ್ಟಿಕರ್ ಕೆರೆದು ನೋಡಿದೆ. ಒಂದೇ ಒಂದು ಸ್ಕ್ರೂ ಸಿಗಲಿಲ್ಲ.

ಚಾರ್ಜ್ ಮಾಡಿ ಇಡುವ ಟೇಬಲ್ ಫ್ಯಾನ್ ಅದು. ಕರೆಂಟ್ ಹೋದರೆ ಅತ್ತೆಗೆ ನಿದ್ದೆ ಬರಲ್ಲ ಅಂತ ನಮ್ಮ ಮನೆಯವರು ತರಿಸಿದ್ದು. ಬೆಲೆ 799. ಅದರ ಪಕ್ಕ ಗೀಟು ಹೊಡೆದ 2,499. ನಮ್ಮವರಿಗೆ ಈ ಗೀಟು ಹೊಡೆದ ನಂಬರ್ ಕಂಡರೆ ಸಾಕು, ವಸ್ತು ಯಾವುದು ಅನ್ನೋದು ಆಮೇಲಿನ ಮಾತು. 1,700 ರೂಪಾಯಿ ಉಳಿಸಿದೆ ಅಂತ ಮೂರು ದಿನ ಬೀಗಿದರು. ಮೊದಲ ತಿಂಗಳು ಮೂರು ಗಂಟೆ ಗಾಳಿ ಬಂತು. ಎರಡನೇ ತಿಂಗಳು ಅರ್ಧ ಗಂಟೆ. ಹೋದ ವಾರ ನೋಡಿದರೆ ಫ್ಯಾನಿನ ಹೊಟ್ಟೆ ಉಬ್ಬಿದೆ! ಪ್ಲಾಸ್ಟಿಕ್ ಕೂಡಿಸಿದ ಗೆರೆ ಬಿಟ್ಟುಕೊಂಡಿದೆ. "ಪಾಪ, ಗ್ಯಾಸ್ ಆಗಿರ್ಬೇಕು, ಓಂಕಾಳು ನೀರು ಕುಡಿಸಿ," ಅಂದರು ಅತ್ತೆ. 78 ವರ್ಷದ ಅವರಿಗೆ ಇಂಥ ಮಾತಿಗೇನೂ ಕಡಿಮೆ ಇಲ್ಲ.

ಅವತ್ತು ನಾನು ಹೋಗಿದ್ದು ಫ್ಯಾನಿಗೋಸ್ಕರ ಅಲ್ಲ, ಮಿಕ್ಸಿಗೆ. ಅತ್ತೆಯ ಮಿಕ್ಸಿ, 1991ರದ್ದು. ದೋಸೆ ಹಿಟ್ಟು ರುಬ್ಬುವಾಗ ಒಳಗೆ ನೀಲಿ ಕಿಡಿ ಹಾರಿ, ಸುಟ್ಟ ವಾಸನೆ ಬಂದು ನಿಂತಿತ್ತು. ಅದನ್ನು ಗೋಣಿಚೀಲಕ್ಕೆ ಹಾಕುವಾಗ, ಹೇಗೂ ಹೋಗ್ತಿದೀನಲ್ಲ ಅಂತ ಈ ಫ್ಯಾನನ್ನೂ ತುರುಕಿಕೊಂಡೆ.

ಮಿಕ್ಸಿಯ ಕೆಲಸ ಹತ್ತು ನಿಮಿಷದಲ್ಲಿ ಮುಗಿಯಿತು. ಭಾಯ್ ಅದನ್ನು ಮಗುಚಿ ಹಾಕಿದರು. ಅಡಿಯಲ್ಲಿ ನಾಲ್ಕು ಸ್ಕ್ರೂ. ಮೂರು ಬೆಳ್ಳಿ, ಒಂದು ಕಪ್ಪು. ಯಾವತ್ತೋ ಒಂದು ಕಳೆದು, ಯಾವುದೋ ರೇಡಿಯೋದ್ದನ್ನು ಹಾಕಿದ್ದಂತೆ. ಅದೂ ಅವರೇ ಹಾಕಿದ್ದು! ಒಳಗಿನ ಕಾರ್ಬನ್, ಅಂದರೆ ತಿರುಗುವ ಮೋಟರಿಗೆ ಕರೆಂಟ್ ಮುಟ್ಟಿಸುವ ತುಂಡು, ತೆಗೆದು ಅಂಗೈ ಮೇಲಿಟ್ಟು ತೋರಿಸಿದರು. ಬೆರಳಿನ ಒಂದು ಗೆಣ್ಣಿನಷ್ಟು ಇರಬೇಕಾದ್ದು ಸವೆದು ಸವೆದು ಉಗುರಿನಷ್ಟಾಗಿತ್ತು. ಹೊಸ ಜೋಡಿ ಹಾಕಿದರು. ಅದು ಉಜ್ಜುವ ತಾಮ್ರದ ಭಾಗಕ್ಕೆ ಎಮರಿ ಪೇಪರ್ ಹಿಡಿದರು. ಜಾರನ್ನು ಮೋಟರಿಗೆ ಕೂಡಿಸುವ ಕಪ್ಲರಿನ ಹಲ್ಲು ಸವೆದಿತ್ತು, ಅದನ್ನೂ ಬದಲಾಯಿಸಿದರು. ಜಾರಿನಲ್ಲಿ ಏನಾದರೂ ಸಿಕ್ಕಿಕೊಂಡರೆ ಮೊದಲು ಹೋಗೋದು ಈ ಕಪ್ಲರ್. ಅದು ಗಟ್ಟಿ ಲೋಹದ್ದಾಗಿದ್ದರೆ ಮೋಟರೇ ಸುಡುತ್ತಿತ್ತು. "ಇದು ಸಾಯೋಕೇ ಇರೋದು ಅಕ್ಕಾ, ದೊಡ್ಡೋರನ್ನ ಉಳಿಸಿ ಸಾಯುತ್ತೆ," ಅಂದರು.

ಎಷ್ಟಾಯ್ತು ಅಂದೆ. "120 ಕೊಡಿ" ಅಂದರು.

"ನೂರು ಮಾಡ್ಕೊಳ್ಳಿ ಭಾಯ್" ಅಂದೆ.

ಈ ಮಾತು ನೆನಪಿಟ್ಟುಕೊಳ್ಳಿ. ನಾನಂತೂ ಮರೆಯೋಕೆ ಆಗ್ತಾ ಇಲ್ಲ. ಅವರು ಏನೂ ಅನ್ನದೆ ನೂರು ತಗೊಂಡರು.

ಆಮೇಲೆ ಫ್ಯಾನ್ ತೆಗೆದೆ. ಆಗ ಬಂದದ್ದೇ ಈ ಸ್ಕ್ರೂ ಮಾತು.

ಸ್ಕ್ರೂ ಇಲ್ಲ ಅಂತ ಖಾತ್ರಿ ಆದ ಮೇಲೂ ಅವರು ಬಿಡಲಿಲ್ಲ. ಹುಟ್ಟುಗುಣ ಇರಬೇಕು. ಬಿರುಕಿಗೆ ಸ್ಕ್ರೂಡ್ರೈವರ್ ತೂರಿಸಿ ಮೀಟುತ್ತಾರೆ ಅಂದುಕೊಂಡಿದ್ದೆ. ಹಾಗೆ ಮಾಡಲಿಲ್ಲ. ಒಳಗಿರೋದು ಲಿಥಿಯಂ ಸೆಲ್, ಉಬ್ಬಿದೆ ಬೇರೆ. ಲೋಹದ ಮೊನೆ ತಾಗಿ ತೂತಾದರೆ ಬೆಂಕಿ ಹತ್ತುತ್ತೆ. ಬಕೆಟ್ಟಿನಲ್ಲಿ ಮರಳು ತಂದು ಪಕ್ಕದಲ್ಲಿಟ್ಟುಕೊಂಡರು. ನನ್ನನ್ನು ಫುಟ್‌ಪಾತಿಗೆ ದೂರ ನಿಲ್ಲಿಸಿದರು. ಹಳೇ ಎಟಿಎಂ ಕಾರ್ಡೊಂದನ್ನು ಬಿರುಕಿಗೆ ಸರಿಸಿ, ಸ್ವಲ್ಪ ಸ್ವಲ್ಪವೇ, ಹಲಸಿನ ಹಣ್ಣಿನ ತೊಳೆ ಬಿಡಿಸುವ ಹಾಗೆ ಬಿಡಿಸಿದರು. ಅರ್ಧ ಗಂಟೆ ಹಿಡಿಯಿತು. ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಬಂದು ಕಾದು ಹೋದರು.

ಒಳಗೆ ಬೆಳ್ಳಿ ಬಣ್ಣದ ಚಪ್ಪಟೆ ಸೆಲ್ ಪೂರಿ ಹಾಗೆ ಉಬ್ಬಿತ್ತು. ಅದರ ಮೇಲೆ ಕಂಪನಿ ಹೆಸರಿಲ್ಲ, ತಾರೀಕಿಲ್ಲ, ಅಳತೆಯೂ ಇಲ್ಲ. ಫ್ಯಾನಿನ ಹೊರಗಡೆ ಮಾತ್ರ ಬ್ಯಾಟರಿ 4000 ಎಂಎಎಚ್ ಚಾರ್ಜ್ ಹಿಡಿಯುತ್ತೆ ಅಂತ ದೊಡ್ಡದಾಗಿ ಅಚ್ಚು ಹಾಕಿದ್ದರು. "ಈ ಗಾತ್ರದಲ್ಲಿ ಅಷ್ಟು ಹಿಡಿಯೋಕೆ ಸಾಧ್ಯಾನೇ ಇಲ್ಲ," ಅಂದರು ಭಾಯ್. ಮೋಟರಿನ ಮುಚ್ಚಳವನ್ನು ತಗಡು ಮಡಚಿ ಮುಚ್ಚಿದ್ದಾರೆ, ತೆಗೆದರೆ ಮತ್ತೆ ಕೂರಲ್ಲ. ವೈರುಗಳು ಕೂದಲೆಳೆ. ಅಂಟು ಎಲ್ಲೆಲ್ಲೂ ಮೆತ್ತಿದೆ. ಬೋರ್ಡಿನ ನಡುವೆ ದೃಷ್ಟಿಬೊಟ್ಟಿನ ಹಾಗೆ ಒಂದು ಕರಿ ಬೊಟ್ಟು.

"ಇದೇನು?" ಅಂದೆ.

"ಅದರ ಕೆಳಗೆ ಚಿಪ್ ಇದೆ. ಮೇಲೆ ಕರಿ ಅಂಟು ಸುರಿದು ಮುಚ್ಚಿದಾರೆ. ನಂಬರ್ ಇದ್ದಿದ್ರೆ ಬೆಂಗಳೂರಿಗೆ, ಎಸ್‌ಪಿ ರೋಡಿಗೆ ಹೇಳಿ ತರಿಸ್ತಿದ್ದೆ. ಹೆಸರೇ ಇಲ್ಲದೋರನ್ನ ಏನಂತ ಕರೀಲಿ?"

ಹೀಗೆ ಚಿಪ್ಪಿನ ಮೇಲೆ ಅಂಟು ಸುರಿಯೋದು ಮೋಸವೇನಲ್ಲವಂತೆ, ಖರ್ಚು ಕಡಿಮೆ ಮಾಡುವ ಹಳೇ ವಿಧಾನ. ಆಟದ ಸಾಮಾನು, ಕ್ಯಾಲ್ಕುಲೇಟರ್ ಒಳಗೂ ಇರುತ್ತೆ. ಆದರೆ ಕೆಟ್ಟಾಗ ಯಾರ ಕೈಗೂ ಸಿಗಲ್ಲ. ಅದರ ಪಕ್ಕದಲ್ಲೇ ನಮ್ಮ ಮಿಕ್ಸಿ ಮಗುಚಿಕೊಂಡು ಬಿದ್ದಿತ್ತು, ನಾಲ್ಕು ಸ್ಕ್ರೂ ಮೇಲೆ ಮಾಡಿಕೊಂಡು. ಬಾಗಿಲು ತೆಗೆದಿಟ್ಟ ಮನೆಯ ಹಾಗೆ.

ಇದೆಲ್ಲ ನೋಡಿ ನಾನು ಎಲ್ಲರೂ ಹೇಳುವ ಮಾತೇ ಹೇಳಿದೆ. "ಚೈನಾ ಮಾಲು ಅಂದ್ರೆ ಇಷ್ಟೇ ಬಿಡಿ." ಭಾಯ್ ಕರೆಂಟ್ ಅಳೆಯುವ ತಮ್ಮ ಮಲ್ಟಿಮೀಟರ್ ಎತ್ತಿ ತೋರಿಸಿದರು. ಅದೂ ಚೈನಾದ್ದೇ, ಎಂಟು ವರ್ಷದಿಂದ ದಿನಾ ದುಡೀತಿದೆ. "ಅವರಿಗೆ ಬರಲ್ಲ ಅಂತ ಅಲ್ಲ ಅಕ್ಕಾ. ಕೊಟ್ಟ ದುಡ್ಡಿಗೆ ಮಾಡಿಕೊಡ್ತಾರೆ. ಇಲ್ಲಿಂದ ಹೋದೋನು ಇನ್ನೂ ಕಮ್ಮಿ ಮಾಡು ಅಂದಾಗ, ಅವರು ಸ್ಕ್ರೂ ತೆಗೆದ್ರು, ತಾಮ್ರ ತೆಗೆದ್ರು." ರಾಶಿಯಿಂದ ಯಾವುದೋ ಸುಟ್ಟ ಮೋಟರಿನ ಸುರುಳಿ ಎಳೆದು ಬ್ಲೇಡಿನಲ್ಲಿ ಕೆರೆದರು. ಮೇಲೆ ತಾಮ್ರದ ಬಣ್ಣ, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂ! "ಗುಜರಿಯೋನೂ ಇದನ್ನ ಮೂಸಿ ನೋಡಲ್ಲ."

ನಮ್ಮವರು ಹೇಳೋದು ಬೇರೆ. ಬಡವರಿಗೂ ವಸ್ತು ಸಿಗಬೇಕಲ್ವಾ, ಕಡಿಮೆಗೆ ಸಿಕ್ಕರೆ ನಿನಗೇನು ಕಷ್ಟ ಅಂತ. ಈ ವಾದ ಸುಮ್ನೆ ತಳ್ಳಿಹಾಕುವಂಥದ್ದಲ್ಲ. ಆದರೆ ಎರಡು ತಿಂಗಳಿಗೆ ಸಾಯುವ ಫ್ಯಾನನ್ನು ವರ್ಷಕ್ಕೆ ಆರು ಸಲ ಕೊಳ್ಳುವವರು ಯಾರು? ಅದೇ ಬಡವರು.

ಸರ್ಕಾರಕ್ಕೂ ಇದರ ವಾಸನೆ ಹತ್ತಿದೆ. ಸೊಳ್ಳೆ ಬ್ಯಾಟ್ ಇದೆಯಲ್ಲ, 121 ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಹೊರಗಿನಿಂದ ತರಿಸಬಾರದು ಅಂತ 2021ರಲ್ಲಿ ಆದೇಶ ಹೊರಡಿಸಿದರು. 2023ರಲ್ಲಿ 20 ರೂಪಾಯಿಗಿಂತ ಅಗ್ಗದ ಸಿಗರೇಟ್ ಲೈಟರಿಗೂ ಅದೇ ಗತಿ. ಹಾಗೇ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿಗೆ ಅಂತ ಒಂದು ಪೋರ್ಟಲ್ ಶುರು ಮಾಡಿದರು. ಕಂಪನಿಗಳು ಬಿಡಿಭಾಗ, ಸರ್ವಿಸ್ ವಿವರ ಎಲ್ಲ ಅಲ್ಲಿ ಹಾಕಬೇಕು ಅನ್ನೋದು ಆಶಯ. ಫ್ರಾನ್ಸಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ. ಫೋನು, ಲ್ಯಾಪ್‌ಟಾಪು, ವಾಷಿಂಗ್ ಮಷೀನಿನ ಮೇಲೆ ಇದು ಎಷ್ಟು ಸುಲಭವಾಗಿ ರಿಪೇರಿ ಆಗುತ್ತೆ ಅಂತ ಹತ್ತಕ್ಕೆ ಅಂಕ ಬರೆಯೋದನ್ನು 2021ರಲ್ಲೇ ಕಡ್ಡಾಯ ಮಾಡಿದ್ದರು. ನಮ್ಮ ಫ್ಯಾನಿಗೆ ಆ ಮೇಷ್ಟ್ರು ಎಷ್ಟು ಕೊಡ್ತಿದ್ರೋ. ಹಾಜರಿ ಅಂಕವೂ ಸಿಗುತ್ತಿರಲಿಲ್ಲ.

ಇನ್ನೊಂದು ತಮಾಷೆ ಕೇಳಿ. ನಮ್ಮ ದೇಸಿ ಮಿಕ್ಸಿ ಹುಟ್ಟಿದ್ದೇ ಹೊರಗಿನ ಮಿಕ್ಸಿ ಕೆಟ್ಟಿದ್ದರಿಂದ. 1960ರ ದಶಕದಲ್ಲಿ ಬಾಂಬೆಯ ಸತ್ಯಪ್ರಕಾಶ ಮಾಥುರ್ ಅನ್ನೋ ಎಂಜಿನಿಯರ್ ಮನೆಯಲ್ಲಿ ಜರ್ಮನಿಯ ಮಿಕ್ಸಿ ಇತ್ತಂತೆ. ನಮ್ಮ ಅಡುಗೆಯ ರುಬ್ಬುವ ಕೆಲಸಕ್ಕೆ ಅದು ಸುಟ್ಟುಹೋಯಿತು. ಹೆಂಡತಿಯ ಕಷ್ಟ ನೋಡಿ ಅವರು ಗಟ್ಟಿ ಮೋಟರಿನ ಮಿಕ್ಸಿ ಮಾಡಿದರು. ಅದೇ ಸುಮೀತ್. ಆ ಕಾಲದಲ್ಲಿ ಕೆಟ್ಟ ವಸ್ತುವನ್ನು ಬಿಚ್ಚಿ, ಇದು ಯಾಕೆ ಸುಟ್ಟಿತು ಅಂತ ಒಬ್ಬ ತಲೆ ಕೆಡಿಸಿಕೊಳ್ಳೋಕೆ ಜಾಗ ಇತ್ತು. ನಮ್ಮ ಈ ಫ್ಯಾನ್ ನೋಡಿ ಯಾರು ಏನು ಕಲಿಯಬೇಕು?

ಅಂಗಡಿಯಲ್ಲಿ ಕೊನೆಗೆ ಏನಾಯಿತು ಅಂದರೆ, ಏನೂ ಆಗಲಿಲ್ಲ. ಅಳತೆಗೆ ಸರಿಹೊಂದುವ ಒಳ್ಳೇ ಸೆಲ್ ಹುಡುಕಿ ಹಾಕಿದರೂ ಬೋರ್ಡ್ ಅದನ್ನು ಸರಿಯಾಗಿ ಚಾರ್ಜ್ ಮಾಡುತ್ತೆ ಅನ್ನೋ ನಂಬಿಕೆ ಅವರಿಗಿಲ್ಲ. "400 ಆಗುತ್ತೆ ಅಂದ್ರೆ ನೀವು ಹೊಸದೇ ತಗೋತೀನಿ ಅಂತೀರಿ. 50 ಅಂದ್ರೆ ನಾನು ಊಟ ಮಾಡೋದು ಏನು? ಬೇಡ ಅಕ್ಕಾ. ರಾತ್ರಿ ಅಜ್ಜಿ ಮಂಚದ ಪಕ್ಕ ಇಡ್ತೀರಾ, ನನಗೆ ನಿದ್ದೆ ಬರಲ್ಲ."

ಮುಕ್ಕಾಲು ಗಂಟೆ ಕೆಲಸ. ಎಷ್ಟು ಕೊಡಲಿ ಅಂದೆ. "ರಿಪೇರಿ ಆಗ್ಲಿಲ್ವಲ್ಲ, ಏನು ತಗೊಳ್ಳೋದು," ಅಂದರು. ಅವರ ಮುಖದಲ್ಲಿ ಸಂಕೋಚ ಇತ್ತು. ಸೋತವರ ಸಂಕೋಚ. ಮೂವತ್ತು ವರ್ಷದಿಂದ ಮುರಿದದ್ದನ್ನೆಲ್ಲ ಕೂಡಿಸಿದ ಮನುಷ್ಯ ಗಿರಾಕಿಯ ಎದುರು ತಲೆ ತಗ್ಗಿಸಬೇಕು. ಎಲ್ಲೋ ಯಾರೋ ನಾಲ್ಕು ಸ್ಕ್ರೂ ಕಾಸು ಉಳಿಸಿದ್ದಕ್ಕೆ! ಮಗ ಅಂಗಡಿಗೆ ಬರ್ತಾನಾ ಅಂತ ಕೇಳಿದೆ. ಅವನು ಆನ್‌ಲೈನ್ ಪಾರ್ಸೆಲ್ ತಲುಪಿಸುವ ಕೆಲಸಕ್ಕೆ ಸೇರಿದ್ದಾನಂತೆ. ಅದನ್ನು ಅವರು ಖುಷಿಯಿಂದಲೇ ಹೇಳಿದರು.

ಬಸ್ಸಿನಲ್ಲಿ ಕೂತಾಗ ನನಗೆ ಹೊಳೆಯಿತು. ಆ ಫ್ಯಾನ್ ಮಾರಿದವರ ಹತ್ತಿರ ನಾವು ಒಂದು ರೂಪಾಯಿ ಚೌಕಾಸಿ ಮಾಡಿಲ್ಲ. 799 ಅಂದರು, ಒತ್ತಿದೆವು, ಹೋಯಿತು. ಅಲ್ಲಿ ಚೌಕಾಸಿ ಮಾಡೋಕೆ ಮನುಷ್ಯರೇ ಇಲ್ಲವಲ್ಲ. ಎದುರಿಗೆ ಕೂತು, ಕಾರ್ಬನ್ ಮಸಿ ಹತ್ತಿದ ಕೈಯಲ್ಲಿ ಮಿಕ್ಸಿ ಉಳಿಸಿಕೊಟ್ಟವರ ಹತ್ತಿರ ಇಪ್ಪತ್ತು ರೂಪಾಯಿ ಕಿತ್ತುಕೊಂಡೆ. ನೂರು ಮಾಡ್ಕೊಳ್ಳಿ ಭಾಯ್! ಎಷ್ಟು ಸಲೀಸಾಗಿ ಬಾಯಿಗೆ ಬಂತು. ಮಾರನೇ ದಿನ ಹೋಗಿ ಆ ಇಪ್ಪತ್ತು ಕೊಟ್ಟು ಬರೋಣ ಅಂತ ಹೊರಟೆ. ಕೊಟ್ಟರೆ ಅವರಿಗೇ ಇನ್ನೂ ಮುಜುಗರ ಆಗಬಹುದು ಅಂತ ಅರ್ಧ ದಾರಿಯಿಂದ ವಾಪಸ್ ಬಂದೆ. ನಿಜ ಹೇಳಬೇಕೆಂದರೆ ಮುಜುಗರ ಆಗಿದ್ದು ನನಗೆ.

ಆ ಉಬ್ಬಿದ ಸೆಲ್ ಕತೆ ಇನ್ನೂ ಮುಗಿದಿಲ್ಲ. ಭಾಯ್ ಅದನ್ನು ಒಂದು ಡಬ್ಬಿಗೆ ಹಾಕಿ, ಮೇಲೆ ಮರಳು ಸುರಿದು ಕೊಟ್ಟರು. "ಕಸಕ್ಕೆ ಹಾಕಬೇಡಿ." ಕಸದ ಗಾಡಿಯ ಹುಡುಗ "ಕೊಡಿ ಆಂಟಿ" ಅಂತ ಕೈ ಚಾಚಿದ. ಗಾಡಿಯಲ್ಲಿ ಅಮುಕಿ ಬೆಂಕಿ ಹತ್ತಿದರೆ ಸುಡೋದು ಆ ಹುಡುಗನ ಕೈ. ಕೊಡಲಿಲ್ಲ. ಬ್ಯಾಟರಿ ಕಸಕ್ಕೆ ಅಂತಲೇ 2022ರಲ್ಲಿ ನಿಯಮ ಬಂದಿದೆ. ತಯಾರಿಸಿದವರು, ಹೊರಗಿನಿಂದ ತರಿಸಿದವರು ಅದರ ಜವಾಬ್ದಾರಿ ಹೊರಬೇಕು. ತರಿಸಿದವರ ಹೆಸರು, ವಿಳಾಸ ಪ್ಯಾಕೆಟ್ ಮೇಲೆ ಇರಲೇಬೇಕು ಅಂತಲೂ ಕಾನೂನಿದೆ. ಸರಿ, ಫ್ಯಾನ್ ಬಂದ ರಟ್ಟಿನ ಡಬ್ಬ ಹುಡುಕಿದೆ. ಹಳೇ ಪೇಪರಿನ ಜೊತೆ ನಾನೇ ತೂಕಕ್ಕೆ ಹಾಕಿದ್ದೆ. ಈಗ ಸೆಲ್ ತಾರಸಿಯಲ್ಲಿದೆ, ತುಳಸಿ ಕಟ್ಟೆಯಿಂದ ದೂರದಲ್ಲಿ, ಒಡೆದ ಮಣ್ಣಿನ ಕುಂಡದಲ್ಲಿ ಮರಳಿನ ಕೆಳಗೆ. ಅತ್ತೆ ದಿನಾ ಬೆಳಿಗ್ಗೆ ಕೇಳ್ತಾರೆ, "ಮೊಳಕೆ ಬಂತೇನೇ?"

ನಿನ್ನೆ ಮತ್ತೆ ರಾತ್ರಿ ಎರಡು ಗಂಟೆ ಕರೆಂಟ್ ಇರಲಿಲ್ಲ. ಅತ್ತೆಗೆ ರಟ್ಟಿನಲ್ಲಿ ಗಾಳಿ ಬೀಸುತ್ತಾ ಮೊಬೈಲಿನಲ್ಲಿ ಬೇರೆ ಫ್ಯಾನ್ ಹುಡುಕಿದೆ. ಬೆಲೆ ನೋಡಿ ಆರಿಸಬಹುದು, ಬಣ್ಣ ನೋಡಿ ಆರಿಸಬಹುದು. ನನಗೆ ಬೇಕಾದ್ದು ಎಲ್ಲೂ ಬರೆದಿಲ್ಲ. ಕೊನೆಗೆ ಒಂದಕ್ಕೆ, ಬೆಲೆ 1,850, ಮಾರುವವರಿಗೆ ಪ್ರಶ್ನೆ ಕಳಿಸಿದೆ: "ಇದನ್ನು ಬಿಚ್ಚೋಕೆ ಸ್ಕ್ರೂ ಇದೆಯಾ?"

ಬೆಳಿಗ್ಗೆ ಉತ್ತರ ಬಂದಿತ್ತು. "ಯೆಸ್ ಮೇಡಂ. ಬ್ಲೂ, ವೈಟ್ ಎರಡೂ ಇದೆ."