ಕುರ್ಚಿ ಕೊನೆಗೂ ಓಡಿತು

ನಿನ್ನೆ ರಾತ್ರಿ ಹತ್ತೂವರೆಗೆ ತ್ಯಾಗರಾಜನಗರದ ತಾರಸಿ ಮೇಲೆ ನಮ್ಮ ನಾಟಕದ ಐದು ಕುರ್ಚಿಗಳು ಒಂದನ್ನೊಂದು ದಾಟಿಕೊಂಡು ಓಡಿದವು. ಮೋಟರ್ ಇಲ್ಲ, ಸದ್ದಿಲ್ಲ. ಕೆಳಗಿನ ಮನೆಯ ಓನರ್ ಮೇಲೆ ಬಂದು ಬೈಯಲಿಲ್ಲ ಅನ್ನುವುದೇ ಸದ್ದಿಲ್ಲ ಅನ್ನುವುದಕ್ಕೆ ಸಾಕ್ಷಿ. ಎರಡು ತಿಂಗಳಿಂದ ಇದೊಂದೇ ಕೆಲಸಕ್ಕೆ ಜೀವ ತೇಯ್ದಿದ್ದೇನೆ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಾತ್ರ ಹಂಚಿಕೆ, ಹಾಲ್ ಡೇಟಿಗೆ ಅಲೆದಾಟ, ಟಿಕೆಟ್ ಪುಸ್ತಕ ಹಿಡಿದು ನೆಂಟರ ಮನೆಗೆ ಹೋದದ್ದು, ಇದೆಲ್ಲ ಎಲ್ಲ ತಂಡದವರೂ ಪಡುವ ಪಾಡೇ, ಬಿಡಿ. ನಮ್ಮದು ಸಹಾಯಾರ್ಥ ಪ್ರದರ್ಶನ. ಉಳಿದ ದುಡ್ಡು ಪೂರ್ತಿ ಸರ್ಕಾರಿ ಶಾಲೆ ಮಕ್ಕಳ ಕನ್ನಡಕಕ್ಕೆ. ಒಂದು ಕನ್ನಡಕಕ್ಕೆ ನಾನೂರು ರೂಪಾಯಿ ಎಂದು ಅಂಗಡಿಯವರು ಒಪ್ಪಿದ್ದಾರೆ. ಅವತ್ತಿನಿಂದ ನಮ್ಮ ಖಜಾಂಚಿ ರೂಪಾಯಿಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಾರೆ. "ಕಾಫಿ ತಿಂಡಿ ಅರ್ಧ ಕನ್ನಡಕ ಆಯ್ತು", "ಆ ಪೇಟ ಬಾಡಿಗೆಗೆ ತಂದರೆ ಒಂದು ಮಗುವಿನ ಬಲಗಣ್ಣು ಹೋಗತ್ತೆ". ಇಂಥವರ ಮುಂದೆ ನಿಂತು ಮೋಟರ್ ಬೇಕು ಎಂದು ಕೇಳುವುದು ಹೇಗಿರುತ್ತದೆ ಊಹಿಸಿಕೊಳ್ಳಿ.

ನಾಟಕದ ಎಳೆ ಇಷ್ಟು. 2015ರಲ್ಲಿ ಗೆದ್ದ ಬಿಬಿಎಂಪಿ, ಅಂದರೆ ಬೆಂಗಳೂರು ಮಹಾನಗರ ಪಾಲಿಕೆಯ ಕಾರ್ಪೊರೇಟರುಗಳ ಅವಧಿ 2020ರ ಸೆಪ್ಟೆಂಬರಿಗೆ ಮುಗಿಯಿತು. ಆಮೇಲೆ ಚುನಾವಣೆ ಇಲ್ಲ, ಅಧಿಕಾರಿಗಳದೇ ಆಡಳಿತ. ಮೇಯರ್ ಕುರ್ಚಿಯಲ್ಲಿ ವರ್ಷಗಟ್ಟಲೆ ಯಾರೂ ಕೂರಲೇ ಇಲ್ಲ ಅಲ್ವಾ? ಕೂರುವವರಿಲ್ಲದೆ ಬೇಜಾರಾಗಿ ನಮ್ಮ ನಾಟಕದ ಕುರ್ಚಿ ತಾನೇ ನಡೆಯುವುದನ್ನು ಕಲಿಯುತ್ತದೆ. ಯಾವ ಪಕ್ಷದವರು ಹತ್ತಿರ ಬಂದರೂ ಜಾರಿಕೊಳ್ಳುತ್ತದೆ. ಎಡಗಡೆಯಿಂದ ಬಂದರೆ ಬಲಕ್ಕೆ, ಬಲಗಡೆಯಿಂದ ಬಂದರೆ ಎಡಕ್ಕೆ. ಬರೆದವರಿಗೆ ಒಂದು ಸಾಲು. ಮಾಡುವವನು ನಾನು.

ಮೊದಲ ಪ್ರಯತ್ನ ಎಲ್ಲರೂ ಮಾಡುವುದೇ: ಕಾಲಿಗೆ ತಿರುಗುವ ಕ್ಯಾಸ್ಟರ್ ಚಕ್ರ, ವಿಂಗ್‌ನಿಂದ, ಅಂದರೆ ರಂಗದ ಪಕ್ಕದ ಮರೆಯಿಂದ, ನೈಲಾನ್ ದಾರ. ಎಳೆದರೆ ಮೊದಲು ದಾರ ಹಿಗ್ಗಿತು. ಕುರ್ಚಿ ಅಲ್ಲಾಡಲಿಲ್ಲ. ಇನ್ನೂ ಎಳೆದೆ. ಆಮೇಲೆ ಒಂದೇ ಸಲಕ್ಕೆ ಜಿಗಿದು ಹೋಗಿ ವಿರೋಧ ಪಕ್ಷದ ನಾಯಕರ ಮೊಣಕಾಲಿಗೆ ಬಡಿಯಿತು. ನೈಲಾನ್ ರಬ್ಬರಿನ ಅಣ್ಣ, ಹಿಗ್ಗಿ ಶಕ್ತಿ ಕೂಡಿಟ್ಟುಕೊಂಡು ಬಿಡುತ್ತದೆ. ಶಿವಾಜಿನಗರದ ಕಡೆ ಮೀನು ಹಿಡಿಯುವ ಸಾಮಾನಿನ ಅಂಗಡಿಯಿಂದ ಹೆಣೆದ ದಾರ ತಂದ ಮೇಲೆ ಆ ಜಿಗಿತ ನಿಂತಿತು. ಕಪ್ಪು ಬಣ್ಣ ಬೇರೆ, ಕಪ್ಪು ಪರದೆ ಮುಂದೆ ಕಾಣುವುದೇ ಇಲ್ಲ.

ನಿಜವಾದ ತಲೆನೋವು ಕ್ಯಾಸ್ಟರ್. ಒಂದು ದಿಕ್ಕಿಗೆ ಚೆನ್ನಾಗಿ ಹೋಗುತ್ತದೆ. ವಾಪಸ್ ಎಳೆದ ತಕ್ಷಣ ಕುಡಿದವನ ಹಾಗೆ ಪಕ್ಕಕ್ಕೆ ವಾಲುತ್ತದೆ. ಎರಡು ವಾರ ನೆಲ ಸರಿಯಿಲ್ಲ ಎಂದು ಬೈದುಕೊಂಡೆ. ನೆಲದ್ದೇನೂ ತಪ್ಪಿರಲಿಲ್ಲ. ಕ್ಯಾಸ್ಟರಿನಲ್ಲಿ ಚಕ್ರದ ಅಚ್ಚು ಮೇಲಿನ ಮೊಳೆಯ ನೇರಕ್ಕೆ ಇರುವುದಿಲ್ಲ, ಸ್ವಲ್ಪ ಆಚೆ ಇರುತ್ತದೆ. ಅದಕ್ಕೇ ಚಕ್ರ ಯಾವಾಗಲೂ ಬಾಲದ ಥರ ಹಿಂದೆ ಬರುತ್ತದೆ. ದಿಕ್ಕು ಬದಲಾದರೆ ನಾಲ್ಕೂ ಬಾಲ ಅರ್ಧ ಸುತ್ತು ತಿರುಗಬೇಕು. ನಾಲ್ಕೂ ಒಂದೇ ಕಡೆಗೆ ತಿರುಗುತ್ತವಾ? ಇಲ್ಲ. ಒಂದು ಎಡಕ್ಕೆ, ಒಂದು ಬಲಕ್ಕೆ, ಇನ್ನೊಂದು ಯೋಚನೆ ಮಾಡುತ್ತಾ ನಿಂತಿರುತ್ತದೆ. ಥೇಟ್ ಸಮ್ಮಿಶ್ರ ಸರ್ಕಾರ.

ನಡುವೆ ಮೋಟರಿನ ಹುಚ್ಚು ಹಿಡಿಯಿತು. ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಹನ್ನೆರಡು ವೋಲ್ಟಿನ ಕಾರ್ ವೈಪರ್ ಮೋಟರ್ ಸಿಕ್ಕಿತು. "ಸೈಲೆಂಟ್ ಸಾರ್, ಪಿನ್ ಡ್ರಾಪ್" ಎಂದರು. ತಂದು ಕುರ್ಚಿ ಕೆಳಗೆ ಕಟ್ಟಿ ಬ್ಯಾಟರಿ ಕೊಟ್ಟರೆ ಮಿಕ್ಸಿಯಲ್ಲಿ ಶೇಂಗಾ ಚಟ್ನಿ ರುಬ್ಬಿದ ಸದ್ದು. ವಾಪಸ್ ಒಯ್ದರೆ ಅಂಗಡಿಯವರು ಕಿವಿ ಹತ್ತಿರ ಹಿಡಿದು ನೋಡಿ, "ಇಲ್ಲಿ ಕೇಳಿಸ್ತಿಲ್ವಲ್ಲ" ಎಂದರು. ಹೊರಗೆ ಎರಡು ಆಟೋ, ಒಂದು ಟೆಂಪೋ ಹಾರ್ನ್ ಹೊಡೆಯುತ್ತಿದ್ದವು. ಅಲ್ಲಿ ಗ್ಯಾರಂಟಿ ಅಂಗಡಿ ಮೆಟ್ಟಿಲ ತನಕ. ಮೋಟರ್ ಸಾವಿರದ ಇನ್ನೂರು, ಕ್ಯಾಸ್ಟರ್ ನಾನೂರು. ಒಟ್ಟು ನಾಲ್ಕು ಕನ್ನಡಕ. ಖಜಾಂಚಿ ಮುಖ ನೋಡಲಾಗದೆ ಆ ದುಡ್ಡನ್ನು ನಾನೇ ಹಾಕಿಕೊಂಡೆ.

ಪರಿಹಾರ ಸಿಕ್ಕಿದ್ದು ಸಂಡೇ ಬಜಾರಿನಲ್ಲಿ. ಮಕ್ಕಳ ಹಳೇ ರೋಲರ್ ಸ್ಕೇಟ್ಸ್, ಜೋಡಿಗೆ ಇನ್ನೂರೈವತ್ತು. ಚಕ್ರದೊಳಗೆ 608 ಬೇರಿಂಗ್, ಎಂಟು ಮಿಲಿಮೀಟರ್ ಬೋಲ್ಟ್ ಹಾಗೇ ಕೂರುತ್ತದೆ. ಬಾಲ ಇಲ್ಲದ ಗಟ್ಟಿ ಚಕ್ರ. ಹೋಗುವುದು ಹಿಂದೆ ಮುಂದೆ ಮಾತ್ರ, ನನಗೆ ಬೇಕಾಗಿದ್ದೂ ಅಷ್ಟೇ. ಕುರ್ಚಿಯನ್ನು ದಾರಕ್ಕೆ ನಡುವೆ ಒಂದೇ ಕಡೆ ಕಟ್ಟಬೇಡಿ, ಮೂತಿ ತಿರುಗಿಸುತ್ತದೆ. ಎಡ ಬಲ ಎರಡೂ ಅಂಚಿಗೆ ಬಿಗಿದರೆ ದಾರವೇ ಹಳಿ. ಚಕ್ರ ಕಾಣದ ಹಾಗೆ ಸುತ್ತ ಒಂದು ಲಂಗ, ಬೆನ್ನಿಗೆ ಬಿಳಿ ಟರ್ಕಿ ಟವೆಲ್. ಟವೆಲ್ ಇಲ್ಲದಿದ್ದರೆ ಅದು ಸರ್ಕಾರಿ ಕುರ್ಚಿ ಹೇಗಾಗುತ್ತದೆ?

ಎಳೆಯುವುದಕ್ಕೆ 28 ಇಂಚಿನ ಹಳೇ ಸೈಕಲ್ಲಿನ ಎರಡು ರಿಮ್. ಆ ಕಡೆ ವಿಂಗ್‌ನಲ್ಲಿ ಒಂದು, ಈ ಕಡೆ ಒಂದು, ಹಲಗೆ ಮೇಲೆ ಮಲಗಿಸಿ ಕೂರಿಸಿದ್ದು. ಎರಡನ್ನೂ ಬಳಸಿ ಸುತ್ತ ದಾರದ ಒಂದೇ ಕುಣಿಕೆ. ನಾನು ರಿಮ್ ತಿರುಗಿಸಿದರೆ ಕುರ್ಚಿ ಹೋಗುತ್ತದೆ, ಹಿಂದಕ್ಕೆ ತಿರುಗಿಸಿದರೆ ಬರುತ್ತದೆ. ಹಾಲಿನ ನೆಲಕ್ಕೆ ಮೊಳೆ ಹೊಡೆಯುವ ಹಾಗಿಲ್ಲ, ಹಲಗೆ ಮೇಲೆ ಇಪ್ಪತ್ತೈದು ಕೆಜಿ ಅಕ್ಕಿ ಮೂಟೆ. ಶೋ ಮುಗಿದ ರಾತ್ರಿ ಆ ಅಕ್ಕಿಯ ಗತಿ ಬಿಸಿಬೇಳೆಬಾತ್.

ಒಂದು ಕುರ್ಚಿ ಹೀಗೆ ಗೆದ್ದೆ ಎಂದು ಡೈರೆಕ್ಟರಿಗೆ ಫೋನ್ ಮಾಡಿದರೆ ಅವರು ಒಂದು ಕ್ಷಣ ಸುಮ್ಮನಿದ್ದು, "ಸ್ಕ್ರಿಪ್ಟ್ ಚೇಂಜ್ ಆಗಿದೆ ಕಣಯ್ಯಾ" ಎಂದರು. ಬರೆದವರು ನಾಟಕ ಮುಗಿಸಿದ್ದು ಬಿಬಿಎಂಪಿ ಇದ್ದಾಗ. 2025ರ ಸೆಪ್ಟೆಂಬರಿನಲ್ಲಿ ಅದು ಹೋಗಿ ಗ್ರೇಟರ್ ಬೆಂಗಳೂರು ಬಂತು. ಒಂದು ಪಾಲಿಕೆ ಇದ್ದದ್ದು ಐದು ಪಾಲಿಕೆ. ಐದು ಪಾಲಿಕೆಗೆ ಐದು ಮೇಯರ್, ಐದು ಮೇಯರಿಗೆ ಐದು ಕುರ್ಚಿ. ವಿಡಂಬನೆ ಬರೆಯುವವರ ಕಷ್ಟ ಇದೇ ನೋಡಿ. ನಾವು ಉತ್ಪ್ರೇಕ್ಷೆ ಎಂದು ಬರೆದದ್ದು ಪ್ರಾಕ್ಟೀಸ್ ಮುಗಿಯುವಷ್ಟರಲ್ಲಿ ಕಮ್ಮಿ ಆಗಿಬಿಟ್ಟಿರುತ್ತದೆ.

ಐದನ್ನೂ ಅದೇ ದಾರಕ್ಕೆ ಕಟ್ಟಿದೆ. ರೈಲು ಬೋಗಿಗಳ ಹಾಗೆ ಸಾಲಾಗಿ ಒಂದೇ ಕಡೆ ಹೋದವು. ನಗು ಬರಲಿಲ್ಲ. ಮೆರವಣಿಗೆ ಅನ್ನಿಸಿತು. ಎರಡನೇ ಕುಣಿಕೆ, ಎರಡನೇ ಜೊತೆ ರಿಮ್, ಎಳೆಯುವುದಕ್ಕೆ ಇನ್ನೊಬ್ಬ ಎಂದು ಲೆಕ್ಕ ಹಾಕಿದೆ. ನಮ್ಮಲ್ಲಿ ವಿಂಗ್‌ನಲ್ಲಿ ನಿಲ್ಲಲು ಜನ ಎಲ್ಲಿದ್ದಾರೆ? ಎಲ್ಲರಿಗೂ ಡೈಲಾಗ್ ಬೇಕು.

ನಿನ್ನೆ ರಾತ್ರಿ ಕುರ್ಚಿ ಎಲ್ಲಿ ನಿಲ್ಲಬೇಕು ಎಂದು ತಿಳಿಯಲು ದಾರದ ವಾಪಸ್ ಬರುವ ಎಳೆಗೆ ಒಂದು ಕೆಂಪು ಟೇಪ್ ಚೂರು ಅಂಟಿಸಿದ್ದೆ. ರಿಮ್ ತಿರುಗಿಸಿದೆ. ಕುರ್ಚಿ ಬಲಕ್ಕೆ ಹೊರಟಿತು. ಟೇಪ್ ಎಡಕ್ಕೆ ಬಂತು. ನಡುವೆ ಎರಡೂ ಒಂದನ್ನೊಂದು ದಾಟಿದವು. ನಾನು ಕೈ ನಿಲ್ಲಿಸಿ ನೋಡುತ್ತಾ ಕೂತೆ. ಕುಣಿಕೆಗೆ ಎರಡು ಎಳೆ, ಒಂದು ಹೋಗುವುದು, ಒಂದು ಬರುವುದು. ಬಾವಿ ರಾಟೆಯಲ್ಲಿ ಕೊಡ ಏರುವಾಗ ಇನ್ನೊಂದು ಕೊಡ ಇಳಿಯುವುದನ್ನು ಚಿಕ್ಕವನಿದ್ದಾಗಿಂದ ನೋಡಿದವನು ನಾನು. ಎದುರು ದಿಕ್ಕು ಮೊದಲ ದಿನದಿಂದ ಪುಕ್ಕಟೆ ಅಲ್ಲೇ ಬಿದ್ದಿತ್ತು.

ಮೂರು ಕುರ್ಚಿ ಮುಂದಿನ ಎಳೆಗೆ, ಎರಡು ಹಿಂದಿನ ಎಳೆಗೆ. ಡಿಕ್ಕಿ ಹೊಡೆಯುತ್ತವಾ? ರಿಮ್ಮಿನ ಅಗಲದಿಂದ ಎರಡು ಎಳೆಗಳ ನಡುವೆ ಹತ್ತಿರ ಹತ್ತಿರ ಎರಡು ಅಡಿ. ಕುರ್ಚಿ ಹಿಂದೆ ಮುಂದೆ ಹದಿನೆಂಟು ಇಂಚು. ಆರು ಇಂಚು ಉಳಿಯಿತು. ಸೈಕಲ್ ರಿಮ್ ನಾನು ಆರಿಸಿದ್ದು ಅಗ್ಗ ಎಂದು, ಬುದ್ಧಿವಂತಿಕೆಯಿಂದ ಅಲ್ಲ. ಐದರ ಭಾರಕ್ಕೆ ದಾರ ರಿಮ್ ಮೇಲೆ ಜಾರತೊಡಗಿತು. ಹಳೇ ಟ್ಯೂಬ್ ಸೀಳಿ ರಿಮ್ಮಿನ ಒಳಗೆ ಅಂಟಿಸಿದೆ, ಹಿಡಿದುಕೊಂಡಿತು. ನಟರಿಗೆ ಒಂದೇ ಕಟ್ಟಪ್ಪಣೆ: ಮುಂದಿನ ದಾರ ದಾಟಬಾರದು. ಹೇಗೂ ನಾಟಕದಲ್ಲಿ ಯಾರಿಗೂ ಕುರ್ಚಿ ಸಿಗುವುದಿಲ್ಲ.

ಗುಬ್ಬಿ ಕಂಪನಿಯವರು ಕುರುಕ್ಷೇತ್ರಕ್ಕೆ ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರಂತೆ. ನನಗೆ ಐದು ಕುರ್ಚಿಗೇ ಬೆವರು ಕಿತ್ತುಕೊಂಡು ಬಂತು. ಆದರೂ ಆ ಕಂಪನಿ ಕಾಲದ ಹುಚ್ಚು ಈಗ ತಲೆಗೆ ಏರಿದೆ. ಮುಂದಿನ ನಾಟಕ ಕೆರೆ ನುಂಗಿ ಕಟ್ಟಿದ ಲೇಔಟಿನ ಕಥೆ, ಮಳೆ ಬೇಕೇ ಬೇಕು. ಸ್ಪೀಕರಿನ ಮಳೆ ಬೇಡ. ಮೊರದಲ್ಲಿ ರಾಗಿ ಹಾಕಿ ಮೆಲ್ಲಗೆ ಆಡಿಸಿದರೆ ತುಂತುರು. ಹುರುಳಿ ಹಾಕಿದರೆ ಜಡಿಮಳೆ. ತಗಡಿನ ಹಾಳೆ ನೇತುಹಾಕಿ ಅಲ್ಲಾಡಿಸಿದರೆ ಗುಡುಗು. ಮನೆಯಲ್ಲಿ ಮೊರ ಮುಟ್ಟಿದ್ದಕ್ಕೆ ಈಗಾಗಲೇ ಒಂದು ಸುತ್ತು ಗುಡುಗು ಆಗಿದೆ.

ಖರ್ಚಿನ ಕಥೆ: ಮೂರು ಜೋಡಿ ಸ್ಕೇಟ್ಸ್, ಎರಡು ರಿಮ್, ದಾರ, ಬೋಲ್ಟು, ಬಟ್ಟೆ ಎಲ್ಲ ಸೇರಿ ಎರಡು ಸಾವಿರ. ಖಜಾಂಚಿ ಚೀಟಿ ನೋಡಿ, "ಕುರ್ಚಿಗೊಂದು ಕನ್ನಡಕ" ಎಂದು ಸಹಿ ಹಾಕಿದರು. ನಕ್ಕ ಹಾಗೆ ಕಂಡಿತು, ಖಚಿತ ಇಲ್ಲ.

ಬಾಕಿ ಉಳಿದದ್ದು ಎರಡು. ಮೂರನೇ ಕುರ್ಚಿ ಹೊರಡುವಾಗ ಒಂದು ಸಲ ಕೀಚ್ ಅನ್ನುತ್ತದೆ. ನಾನು ಎಣ್ಣೆ ಬಾಟಲಿ ಹಿಡಿದು ಹೋದರೆ ಡೈರೆಕ್ಟರ್ ಕೈ ಅಡ್ಡ ಹಾಕಿದರು, ಅದಕ್ಕೆ ಡೈಲಾಗ್ ಬಂದಿದೆಯಂತೆ. ಇನ್ನು ಎಡಗಡೆ ರಿಮ್ ಸ್ವಲ್ಪ ಬೆಂಡ್, ಸುತ್ತಿಗೊಮ್ಮೆ ದಾರ ಕುಣಿಯುತ್ತದೆ. ಶನಿವಾರ ಹಾಲಿನಲ್ಲಿ ಟೆಕ್ನಿಕಲ್ ರಿಹರ್ಸಲ್. ಯಾರದಾದರೂ ಅಟ್ಟದ ಮೇಲೆ 28 ಇಂಚಿನ ನೆಟ್ಟಗಿರುವ ರಿಮ್ ಇದ್ದರೆ ಗುಜರಿಗೆ ಹಾಕಬೇಡಿ, ನಾನೇ ಬಂದು ಒಯ್ಯುತ್ತೇನೆ.