ಕಪ್ಪು ಚೀಲದ ಒಂದು ಲಕ್ಷ ಡಾಲರ್

ಜನವರಿ 24, 2024, ಬುಧವಾರ

ಇವತ್ತಿಗೆ ಸರಿಯಾಗಿ ನೂರು ವರ್ಷ. 1924ರ ಇದೇ ದಿನ ಎಡ್ವರ್ಡ್ ಡೊಹೀನಿ ಎಂಬ ಎಣ್ಣೆ ಕುಬೇರ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಬಂದು, ಮಂತ್ರಿಯಾಗಿದ್ದ ಆಲ್ಬರ್ಟ್ ಫಾಲ್‌ಗೆ ಒಂದು ಲಕ್ಷ ಡಾಲರ್ ಕೊಟ್ಟವನು ನಾನೇ ಎಂದು ಹೇಳಿದ. ಕೊಟ್ಟಿದ್ದು ನಗದು. ಮಗನ ಕೈಯಲ್ಲಿ, ಒಂದು ಪುಟ್ಟ ಕಪ್ಪು ಚೀಲದಲ್ಲಿ ಕಳಿಸಿದ್ದು. ಲಂಚ ಅಲ್ಲ, ಹಳೇ ಗೆಳೆಯನಿಗೆ ಕೊಟ್ಟ ಸಾಲ, ನನಗೆ ಅದೇನು ದೊಡ್ಡ ಮೊತ್ತವಲ್ಲ ಎಂದೂ ಹೇಳಿದ.

ಟೀಪಾಟ್ ಡೋಮ್ ಹಗರಣದ ಬಗ್ಗೆ ಓದುವಾಗಲೆಲ್ಲ ನನ್ನ ಮನಸ್ಸು ಈ ಮಾತಿನ ಹತ್ತಿರವೇ ನಿಂತುಬಿಡುತ್ತದೆ.

ಯುದ್ಧ ಬಂದರೆ ನೌಕಾಪಡೆಯ ಹಡಗುಗಳಿಗೆ ಇರಲಿ ಎಂದು ಅಮೆರಿಕ ಸರ್ಕಾರ ಕೆಲವು ಎಣ್ಣೆ ನಿಕ್ಷೇಪಗಳನ್ನು ಮುಟ್ಟದೆ ಇಟ್ಟಿತ್ತು. ವಯೋಮಿಂಗ್‌ನ ಟೀಪಾಟ್ ಡೋಮ್ ಒಂದು, ಕ್ಯಾಲಿಫೋರ್ನಿಯಾದ ಎಲ್ಕ್ ಹಿಲ್ಸ್ ಇನ್ನೊಂದು. 1921ರಲ್ಲಿ ವಾರನ್ ಹಾರ್ಡಿಂಗ್ ಅಧ್ಯಕ್ಷನಾದ. ಕೆಲವೇ ತಿಂಗಳಲ್ಲಿ ಇವು ನೌಕಾಪಡೆಯ ಕೈಬಿಟ್ಟು ಫಾಲ್‌ನ ಇಲಾಖೆಗೆ ಬಂದವು. ಸರ್ಕಾರಿ ಜಮೀನು ನೋಡಿಕೊಳ್ಳುವ ಇಂಟೀರಿಯರ್ ಇಲಾಖೆ ಅದು. ನೌಕಾಪಡೆಯ ಸಚಿವ ಡೆನ್ಬಿ ಒಪ್ಪಿದ, ಅಧ್ಯಕ್ಷ ಸಹಿ ಹಾಕಿದ. 1922ರ ಏಪ್ರಿಲ್‌ನಲ್ಲಿ ಟೀಪಾಟ್ ಡೋಮ್ ಗುತ್ತಿಗೆಯ ಮೇಲೆ ಹ್ಯಾರಿ ಸಿಂಕ್ಲೇರ್ ಎಂಬ ಇನ್ನೊಬ್ಬ ಎಣ್ಣೆ ಉದ್ಯಮಿಯ ಪಾಲಾಯಿತು. ಎಲ್ಕ್ ಹಿಲ್ಸ್ ಡೊಹೀನಿಗೆ. ಟೆಂಡರ್ ಇಲ್ಲ, ಪೈಪೋಟಿ ಇಲ್ಲ, ಎಲ್ಲ ಗುಟ್ಟಾಗಿ.

ಇದನ್ನು ಬಯಲಿಗೆ ತಂದ ಸೆನೆಟರ್ ಥಾಮಸ್ ವಾಲ್ಶ್ ಅವರ ಮೇಲೆ ನನಗೆ ತುಂಬಾ ಗೌರವ. ಮೊಂಟಾನದ ವಕೀಲರು. ರಾಶಿ ರಾಶಿ ಕಾಗದಗಳನ್ನು ತಿಂಗಳುಗಟ್ಟಲೆ ಓದಿದರು. ಬರೇ ಎಣ್ಣೆಯ ಲೆಕ್ಕ ನೋಡಿದ್ದರೆ ಏನೂ ಸಿಗುತ್ತಿರಲಿಲ್ಲವೇನೋ. ಅವರು ಫಾಲ್‌ನ ಜೀವನ ನೋಡಿದರು. ನ್ಯೂ ಮೆಕ್ಸಿಕೋದಲ್ಲಿ ಅವನಿಗೊಂದು ದೊಡ್ಡ ದನದ ಫಾರ್ಮ್ ಇತ್ತು. ವರ್ಷಗಟ್ಟಲೆ ತೆರಿಗೆ ಬಾಕಿ. ಇದ್ದಕ್ಕಿದ್ದಂತೆ ಬಾಕಿ ಎಲ್ಲ ಚುಕ್ತಾ, ಪಕ್ಕದ ಜಮೀನಿನ ಖರೀದಿ, ಸಿಂಕ್ಲೇರ್ ಕಳಿಸಿದ ಒಳ್ಳೆಯ ತಳಿಯ ದನಗಳು. ಮಂತ್ರಿಯ ಸಂಬಳದಲ್ಲಿ ಇದೆಲ್ಲ ಆಗುತ್ತಾ? ಊರಿನವರಿಗೆ ಕಾಣುತ್ತಿತ್ತು, ಅಲ್ವಾ? ಕೇಳುವವರು ಬೇಕಿತ್ತು ಅಷ್ಟೆ.

ದುಡ್ಡು ಎಲ್ಲಿಂದ ಬಂತು ಎಂದಾಗ ಫಾಲ್ ಪತ್ರಿಕೆಯ ಮಾಲೀಕ ಮೆಕ್ಲೀನ್ ಹೆಸರು ಹೇಳಿದ. ವಾಲ್ಶ್ ಫ್ಲೋರಿಡಾಕ್ಕೇ ಹೋಗಿ ಮೆಕ್ಲೀನ್‌ನನ್ನು ಕೇಳಿದರು. ಚೆಕ್ ಕೊಟ್ಟಿದ್ದೆ, ಆದರೆ ನಗದು ಮಾಡಿಸದೆ ವಾಪಸ್ ಬಂತು ಎಂದ ಆತ. ಸುಳ್ಳು ಅಲ್ಲಿಗೆ ಮುಗಿಯಿತು. ಕೆಲವೇ ದಿನಗಳಲ್ಲಿ ಡೊಹೀನಿ ಬಾಯಿಬಿಟ್ಟ. ಆಮೇಲೆ ಅವನು ತೋರಿಸಿದ ಸಾಲಪತ್ರದಲ್ಲಿ ಸಹಿಯ ಭಾಗ ಹರಿದುಹೋಗಿತ್ತು!

1927ರಲ್ಲಿ ಸುಪ್ರೀಂ ಕೋರ್ಟ್ ಎರಡೂ ಗುತ್ತಿಗೆ ರದ್ದು ಮಾಡಿತು. ಸಿಂಕ್ಲೇರ್ ಕೆಲವು ತಿಂಗಳು ಜೈಲಿನಲ್ಲಿದ್ದ. ಆದರೆ ಅದು ಸಮಿತಿಯ ಪ್ರಶ್ನೆಗೆ ಉತ್ತರ ಕೊಡದ್ದಕ್ಕೆ, ತನ್ನ ವಿಚಾರಣೆಯ ಜ್ಯೂರಿಯ, ಅಂದರೆ ತಪ್ಪಿತಸ್ಥನೋ ಅಲ್ಲವೋ ಎಂದು ತೀರ್ಮಾನಿಸುವ ಸಾಮಾನ್ಯ ನಾಗರಿಕರ, ಹಿಂದೆ ಪತ್ತೇದಾರರನ್ನು ಬಿಟ್ಟಿದ್ದಕ್ಕೆ.

ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೆ. ಡೊಹೀನಿಯಿಂದ ಲಂಚ ತೆಗೆದುಕೊಂಡ ಎಂದು 1929ರಲ್ಲಿ ಫಾಲ್‌ಗೆ ಒಂದು ವರ್ಷ ಜೈಲು, ಒಂದು ಲಕ್ಷ ಡಾಲರ್ ದಂಡ. 1931ರಲ್ಲಿ ಒಳಗೆ ಹೋದ. ಅಧಿಕಾರದಲ್ಲಿದ್ದಾಗ ಮಾಡಿದ ಅಪರಾಧಕ್ಕೆ ಜೈಲು ಸೇರಿದ ಮೊದಲ ಅಮೆರಿಕನ್ ಸಂಪುಟ ಸಚಿವ. ಆದರೆ ಅದೇ ಲಂಚವನ್ನು ಕೊಟ್ಟ ಆರೋಪದಿಂದ ಡೊಹೀನಿ 1930ರಲ್ಲಿ ಖುಲಾಸೆ! ಅದೇ ಚೀಲ, ಅದೇ ದುಡ್ಡು. ತೆಗೆದುಕೊಂಡವನಿಗೆ ಲಂಚ, ಕೊಟ್ಟವನಿಗೆ ಲಂಚವಲ್ಲ. ಇಬ್ಬರಿಗೆ ಬೇರೆ ಬೇರೆ ಜ್ಯೂರಿ ಎಂಬುದು ಗೊತ್ತು. ಆದರೂ ಒಪ್ಪಿಕೊಳ್ಳಲು ಆಗುವುದಿಲ್ಲ. ಫಾಲ್ ಮೇಲೆ ನನಗೆ ಕನಿಕರವಿಲ್ಲ. ದೇಶದ ಆಸ್ತಿ ಮಾರಿಕೊಂಡವನು. ಆದರೆ ಕೊಂಡವರು ಸಾಯುವವರೆಗೂ ಶ್ರೀಮಂತರಾಗಿಯೇ ಇದ್ದರು.

ಕೊನೆಗೆ ಫಾಲ್‌ನ ಆ ಮನೆ, ಜಮೀನನ್ನೂ ಡೊಹೀನಿಯ ಕಂಪನಿಯೇ ವಶಪಡಿಸಿಕೊಂಡಿತು. ಕೊಟ್ಟ ಕಾರಣ, ಅದೇ ಒಂದು ಲಕ್ಷದ ಸಾಲ ತೀರಿಸಿಲ್ಲ ಎಂದು.